ಹಾಲುಬಿಳಿಯ ಮೇಲೆ ಹೊಗೆಬಿಳಿ

ಹದಿನಾಲ್ಕು ತಿಂಗಳು. ಒಂದು ಮಗು ಹುಟ್ಟಿ, ಬೋರಲು ಬಿದ್ದು, ಎದ್ದು ನಿಂತು, ಅಪ್ಪನ ಮೊಬೈಲನ್ನು ನೀರಿನ ಬಕೆಟ್ಟಿಗೆ ಹಾಕುವಷ್ಟು ಕಾಲ. ಅಷ್ಟು ಕಾಲದಲ್ಲಿ ನಮ್ಮ ಸಂಘದ ಮಹನೀಯರು ಮಾಡಿದ ಘನಕಾರ್ಯ ಏನು ಗೊತ್ತೆ? ಬಿಳಿ ಬಣ್ಣ ಯಾವುದಿರಬೇಕು ಎಂದು ತೀರ್ಮಾನಿಸಿದರು.

ಸಂಘ ಎಂದರೆ ಒಂದು ಪ್ರೋಗ್ರಾಮಿಂಗ್ ಭಾಷೆಯ ಸುತ್ತ ಸೇರಿಕೊಂಡ ಜನ. ದೊಡ್ಡ ಭಾಷೆಯೇನಲ್ಲ. ಹಗಲು ಹೊಟ್ಟೆಪಾಡಿನ ಕೆಲಸ, ಸಂಜೆ ಈ ಗೀಳು. ಯಾರಿಗೂ ಸಂಬಳವಿಲ್ಲ, ಹಾಗಾಗಿ ಯಾರನ್ನೂ ಕೆಲಸದಿಂದ ತೆಗೆಯುವ ಹಾಗಿಲ್ಲ, ಹಾಗಾಗಿ ಎಲ್ಲರೂ ಯಜಮಾನರೇ. ನಾನು ಬಸ್ ಡಿಪೊದ ವೇಳಾಪಟ್ಟಿ ವಿಭಾಗದವಳು. ಯಾವ ಬಸ್ಸು ಎಷ್ಟು ಗಂಟೆಗೆ, ಯಾವ ಡ್ರೈವರ್ ಎಂದು ಹೊಂದಿಸುವ ಪ್ರೋಗ್ರಾಮನ್ನು ಈ ಭಾಷೆಯಲ್ಲೇ ಬರೆದಿದ್ದೇನೆ. ಸಂಘದಲ್ಲಿ ಎಲ್ಲ ಅಡ್ಡಹೆಸರಿನ ವ್ಯವಹಾರ. ನನ್ನನ್ನು ‘ಡಿಪೊ ಅಕ್ಕ’ ಎನ್ನುತ್ತಾರೆ. ಬೆನ್ನ ಹಿಂದೆ ಬೇರೇನೋ ಅನ್ನುತ್ತಾರೆ. ಅದು ನನಗೆ ಗೊತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತು.

ಸಂಘಕ್ಕೆ ಏಳು ಜಾಲತಾಣಗಳಿವೆ. ಮುಖ್ಯ ತಾಣ, ಪಾಠಗಳ ತಾಣ, ಕೈಪಿಡಿ, ಉಪಕರಣಗಳ ಪಟ್ಟಿ, ಹರಟೆಕಟ್ಟೆ, ಕೆಲಸ ಖಾಲಿ ಇದೆ ಎಂದು ತಿಳಿಸುವ ತಾಣ, ಕೊನೆಗೆ ನಿಯಮಗಳದ್ದು. ಏಳನ್ನೂ ಏಳು ಜನ ಏಳು ಕಾಲದಲ್ಲಿ ತಮಗೆ ತೋಚಿದ ಹಾಗೆ ಕಟ್ಟಿದ್ದರು. ಒಂದು ಕಡುನೇರಳೆ, ಒಂದು ಗಿಳಿಹಸಿರು. ಉಪಕರಣಗಳ ಪಟ್ಟಿಯಂತೂ ಹಳದಿಯ ಮೇಲೆ ಕೆಂಪಕ್ಷರ, ಐದು ನಿಮಿಷ ನೋಡಿ ತಲೆಯೆತ್ತಿದರೆ ಎದುರಿನ ಗೋಡೆಯ ಮೇಲೂ ಅಕ್ಷರ ಕುಣಿಯುತ್ತಿದ್ದವು. ಹೊಸಬನೊಬ್ಬ ಹರಟೆಕಟ್ಟೆಯಲ್ಲಿ, “ಇದು ಒಂದು ಭಾಷೆನಾ, ಏಳು ಭಾಷೆನಾ?” ಎಂದು ಕೇಳಿದ. ಪಾಪ, ತಮಾಷೆಗೆ ಕೇಳಿದ್ದ. ಮಾರನೆಯ ದಿನವೇ ‘ಏಕರೂಪ ಸಮಿತಿ’ ಹುಟ್ಟಿತು.

ಏಳರಲ್ಲಿ ಪಾಠಗಳ ತಾಣ ನನ್ನ ಕೈಯಲ್ಲಿತ್ತು. ನಾನು ಕಟ್ಟಿದ್ದಲ್ಲ, ನನ್ನ ತಮ್ಮ ಕಟ್ಟಿದ್ದು. ಬಿಳಿ ಹಾಳೆ, ಕಪ್ಪಕ್ಷರ, ಅಷ್ಟೆ. ತಮ್ಮನ ಅಡ್ಡಹೆಸರು ಗೂಬೆ. ಅದು ಅಮ್ಮ ಕೊಟ್ಟದ್ದು. ಊಟಕ್ಕೆ ಕರೆದರೂ ಕಂಪ್ಯೂಟರ್ ಮುಂದೆ ಕಣ್ಣರಳಿಸಿಕೊಂಡು ಕೂತೇ ಇರುತ್ತಿದ್ದವನನ್ನು ದಿನಕ್ಕೆ ಹತ್ತು ಸಲ “ಏಳೋ ಗೂಬೆ” ಎಂದು ಬೈಯುತ್ತಿದ್ದಳು. ಸಂಘಕ್ಕೆ ಸೇರುವಾಗ ಅಡ್ಡಹೆಸರು ಕೇಳಿದ್ದಕ್ಕೆ ಇವನು ಅದನ್ನೇ ಬರೆದುಕೊಟ್ಟ. ಆಮೇಲೆ ನಲವತ್ತು ಪಾಠ ಬರೆದ. ಪ್ರತಿ ಪಾಠದ ಕೆಳಗೂ ಒಂದೇ ಸಾಲು: ‘ಬರೆದವನು ಗೂಬೆ. ಅರ್ಥವಾಗದಿದ್ದರೆ ತಪ್ಪು ನನ್ನದು, ನಿಮ್ಮದಲ್ಲ.’ ನಾನು ಪ್ರೋಗ್ರಾಮಿಂಗ್ ಕಲಿತದ್ದು ಆ ಪಾಠಗಳಿಂದಲೇ. ಮೂವತ್ತೆಂಟನೆಯ ವಯಸ್ಸಿನಲ್ಲಿ, ಟಿಕೆಟ್ ಕೌಂಟರಿನಲ್ಲಿ ಕೂತುಕೊಂಡು, ಒಂದೊಂದನ್ನು ನಾಲ್ಕು ನಾಲ್ಕು ಸಲ ಓದಿದೆ. ತಪ್ಪು ನನ್ನದಲ್ಲ ಎಂದು ಕೆಳಗೆ ಬರೆದಿತ್ತಲ್ಲ, ಆ ಧೈರ್ಯ.

ಮೂರು ವರ್ಷದ ಹಿಂದೆ ತಮ್ಮ ಹೋದ. ಒಂದು ವಾರದ ಜ್ವರ. ಅದರ ಬಗ್ಗೆ ಇನ್ನು ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಅಮ್ಮ ಹೊಲಿಗೆಯವಳು. ನಲವತ್ತು ವರ್ಷದಿಂದ ಆಸ್ಪತ್ರೆಯೊಂದರ ನರ್ಸುಗಳಿಗೆ ಬಿಳಿ ಕೋಟು ಹೊಲಿಯುತ್ತಾಳೆ. ಬೆಳಿಗ್ಗೆ ಎದ್ದು ಮುಖ ತೊಳೆದು ಮೊದಲು ಮಾಡುವ ಕೆಲಸ, ನನ್ನ ಹಳೆಯ ಟ್ಯಾಬ್ಲೆಟ್ಟಿನಲ್ಲಿ ಮೊದಲ ಪಾಠ ತೆರೆಯುವುದು. ಪಾಠ ಓದುವುದಿಲ್ಲ. ಬೆರಳಿನಿಂದ ತಳ್ಳುತ್ತ ತಳ್ಳುತ್ತ ಕೆಳಗಿನ ಸಾಲಿಗೆ ಹೋಗುತ್ತಾಳೆ. “ಎದ್ಯೇನೋ ಗೂಬೆ?” ಎನ್ನುತ್ತಾಳೆ. ಟ್ಯಾಬ್ಲೆಟ್ಟನ್ನು ಮಗುಚಿಟ್ಟು ಮೆಷಿನ್ನಿನ ಮುಂದೆ ಕೂರುತ್ತಾಳೆ. ಮೂರು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ: ಆ ಸಾಲು ಅಲ್ಲೇ ಇರಬೇಕು. ಉಳಿದ ಪುಟಕ್ಕೆ ಅವರು ಯಾವ ಸುಣ್ಣ ಬೇಕಾದರೂ ಬಳಿದುಕೊಳ್ಳಲಿ.

ಸಮಿತಿ ತಿಂಗಳಿಗೊಮ್ಮೆ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಸೇರುತ್ತಿತ್ತು. ಕಾಲು ಅಲುಗಾಡುವ ಮೇಜು, ಇಪ್ಪತ್ತು ಕುರ್ಚಿ, ಒಂದೂ ಬರೆಯದ ಆರು ಮಾರ್ಕರ್ ಪೆನ್ನು. ಸಮಿತಿಯಲ್ಲಿ ನನ್ನನ್ನೂ ಸೇರಿಸಿ ಹದಿನಾರು ಜನ, ಮಾತು ನಡೆಯುತ್ತಿದ್ದದ್ದು ಮೂವರದು. ಒಬ್ಬರು ಸಂಚಾಲಕರು: ಲಿಫ್ಟ್ ಕಂಪನಿಯಲ್ಲಿ ಕೆಲಸ, ಲಿಫ್ಟಿನಂತೆಯೇ ಮೇಲೆ ಹೋಗಿ ಕೆಳಗೆ ಬಂದು ಹೊರಟಲ್ಲಿಗೇ ಬಂದು ನಿಲ್ಲುವ ಮಾತು. ಎರಡನೆಯವರು ಕಾಲೇಜಿನಲ್ಲಿ ಗಣಿತ ಹೇಳುವ ಮೇಷ್ಟ್ರು, ಸೋಡಾಬಾಟಲಿ ಕನ್ನಡಕ. ಮೂರನೆಯವನು ಕಲಾವಿದ. ಅವನಿಗೆ ಆ ಬಿರುದು ಅವನೇ ಕೊಟ್ಟುಕೊಂಡದ್ದು. ಔಷಧಿ ಡಬ್ಬದೊಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿರುತ್ತಾರಲ್ಲ ಒಂದು ಚೀಟಿ, ಅದನ್ನು ವಿನ್ಯಾಸ ಮಾಡುವುದು ಅವನ ಉದ್ಯೋಗ. ಆ ಅಕ್ಷರ ಇವತ್ತಿನವರೆಗೆ ಯಾವ ರೋಗಿಗಾದರೂ ಕಂಡಿದ್ದರೆ ಹೇಳಿ. ಅಂಥವನ ಕೈಗೆ ಏಳು ತಾಣ ಕೊಟ್ಟರು.

“ಪುಟ ಉಸಿರಾಡ್ಬೇಕು,” ಎನ್ನುತ್ತಿದ್ದ ಅವನು. “ಅಕ್ಷರ ಜಾಸ್ತಿ ಕಾಣ್ಸಿದ್ರೆ ಪುಟಕ್ಕೆ ಉಸಿರು ಕಟ್ಟುತ್ತೆ.”

“ಓದೋರಿಗೆ ಉಸಿರು ಕಟ್ಟಿದ್ರೆ ಪರವಾಗಿಲ್ವಾ?” ಎಂದು ನಾನು ಕೇಳಿದೆ.

“ಅಕ್ಕಾ, ನೀವು ಬಸ್ ಬೋರ್ಡ್ ನೋಡಿ ನೋಡಿ ಅಭ್ಯಾಸ ಆಗೋಗಿದೆ ನಿಮ್ಗೆ.”

ಹೌದಪ್ಪ, ಬಸ್ ಬೋರ್ಡು ಕಾಣದಿದ್ದರೆ ಜನ ಬೇರೆ ಊರಿಗೆ ಹೋಗುತ್ತಾರೆ. ನಿನ್ನ ಚೀಟಿ ಕಾಣದಿದ್ದರೆ ಇನ್ನೂ ದೂರ ಹೋಗುತ್ತಾರೆ. ಇದನ್ನು ನಾನು ಮನಸ್ಸಿನಲ್ಲಿ ಹೇಳಿಕೊಳ್ಳಲಿಲ್ಲ, ಬಾಯಿಬಿಟ್ಟೇ ಹೇಳಿದೆ. ಅವತ್ತಿಂದ ಅವನಿಗೂ ನನಗೂ ಎಣ್ಣೆ ಸೀಗೆಕಾಯಿ.

ನಮ್ಮ ಸಂಘದಲ್ಲಿ ಕೈ ಎತ್ತಿ ಮತ ಹಾಕುವ ಪದ್ಧತಿ ಇಲ್ಲ. ಯಾವ ಪ್ರಸ್ತಾವವಾದರೂ ಹರಟೆಕಟ್ಟೆಯಲ್ಲಿ ಹಾಕಿ ಹತ್ತು ದಿನ ಬಿಡುತ್ತಾರೆ. ಹತ್ತು ದಿನ ಯಾರೂ ಏನೂ ಅನ್ನದಿದ್ದರೆ ಅದು ಪಾಸು. ಒಬ್ಬರೇ ಒಬ್ಬರು ಆಕ್ಷೇಪ ಎತ್ತಿದರೂ ಅದು ಸಮಿತಿಗೆ ವಾಪಸು, ಮತ್ತೆ ಚರ್ಚೆ, ಮತ್ತೆ ಮೊದಲಿಂದ ಹತ್ತು ದಿನ. ಸಂಚಾಲಕರಿಗೆ ಈ ಪದ್ಧತಿಯ ಮೇಲೆ ಪ್ರಾಣ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ದೊಡ್ಡದಾಗಿ ಪ್ರಿಂಟ್ ತೆಗೆಸಿ ಮಹಡಿಯ ಗೋಡೆಗೆ ಅಂಟಿಸಿದ್ದರು. ಗ್ರಂಥಾಲಯದವರು ಅದು ತಮ್ಮ ಓದುಗರಿಗೆ ಹಾಕಿದ್ದೆಂದು ತಿಳಿದು ಖುಷಿಯಾಗಿದ್ದರು.

ಬಾಯಿಗೆ ಬೀಗವಿಲ್ಲದ ಹದಿನಾರು ಜನರಿಗೆ ಮೌನದ ನಿಯಮ ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ಚೌಕಗಳ ಮೂಲೆ ದುಂಡಗಿರಬೇಕೋ ಚೂಪಾಗಿರಬೇಕೋ ಎಂದು ಏಳು ವಾರ. ಕೊನೆಗೆ ರಾಜಿಯಾಗಿ ಎಡಮೂಲೆ ದುಂಡು, ಬಲಮೂಲೆ ಚೂಪು. ಹಿನ್ನೆಲೆಯ ಬಿಳಿ ಯಾವುದು ಎಂದು ಐದು ತಿಂಗಳು: ಮೊಟ್ಟೆಬಿಳಿ, ಶಂಖಬಿಳಿ, ಹತ್ತಿಬಿಳಿ, ಹಾಲುಬಿಳಿ. ಮೇಷ್ಟ್ರು ನಾಲ್ಕಕ್ಕೂ ಸರಾಸರಿ ತೆಗೆದು ತೋರಿಸಿದರು, ಅದೂ ಬಿಳಿಯಾಗಿಯೇ ಇತ್ತು. ಹಾಲುಬಿಳಿ ಗೆದ್ದಿತು. ಪುಟದ ಮುಖ್ಯ ಅಕ್ಷರಕ್ಕೆ ಬೂದಿ ಬಣ್ಣ. ಕೆಳತುದಿಯ ಅಕ್ಷರಕ್ಕೆ ಕಲಾವಿದ ಸೂಚಿಸಿದ್ದು ಹೊಗೆಬಿಳಿ.

“ಹಾಲುಬಿಳಿ ಮೇಲೆ ಹೊಗೆಬಿಳಿ ಅಂದ್ರೆ ಏನ್ರೀ ಕಾಣ್ಸುತ್ತೆ?” ಎಂದೆ.

“ಕಾಣ್ಸೋದಲ್ಲ ಅಕ್ಕಾ, ಅನ್ಸೋದು,” ಎಂದ ಮಹಾಶಯ.

ಇದಕ್ಕೆಲ್ಲ ನಾನು ನಗುತ್ತ ಇದ್ದುಬಿಡಬಹುದಾಗಿತ್ತು. ಆದರೆ ನಿಯಮಗಳ ಕರಡಿನ ಕೊನೆಯ ಅಂಶ, ನಲವತ್ತೇಳು, ಬಂತು: ‘ಯಾವ ತಾಣದಲ್ಲೂ ಪುಟದ ಕೆಳಗೆ ವ್ಯಕ್ತಿಯ ಹೆಸರು ಇರತಕ್ಕದ್ದಲ್ಲ. ಎಲ್ಲವೂ ಸಂಘದ ಸ್ವತ್ತು.’ ಏಳು ತಾಣಗಳಲ್ಲಿ ಕೆಳಗೆ ಹೆಸರಿದ್ದದ್ದು ಒಂದರಲ್ಲೇ. ಯಾರ ಕತ್ತಿಗೆ ಈ ಹಗ್ಗ ಎಂದು ಕೇಳುವ ಅಗತ್ಯವೇ ಇರಲಿಲ್ಲ.

“ನಮ್ ತಮ್ಮ ಬರ್ದಿದ್ದು ಸ್ವಾಮಿ ಅದು. ಒಂದು ಸಾಲು. ಇದ್ರೆ ನಿಮ್ ಗಂಟೇನು ಹೋಗುತ್ತೆ?” ಎಂದೆ.

“ಭಾವನೆ ಅರ್ಥ ಆಗುತ್ತಮ್ಮ,” ಎಂದರು ಸಂಚಾಲಕರು. ಭಾವನೆ ಅರ್ಥ ಆಗುತ್ತೆ ಎಂದು ಶುರುಮಾಡುವವರು ಮುಂದೆ ಏನು ಮಾಡುತ್ತಾರೆಂದು ನನಗೆ ಗೊತ್ತು. “ಆದ್ರೆ ಏಕರೂಪ ಅಂದ್ಮೇಲೆ ಏಕರೂಪ. ಒಬ್ರಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ.”

“ಕೇಳ್ಲಿ. ಅವರೂ ನಲವತ್ತು ಪಾಠ ಬರೀಲಿ.”

ಆಕ್ಷೇಪ ಎತ್ತಿದೆ. ಸಮಿತಿಗೆ ವಾಪಸು. ಎರಡನೆಯ ಸಲ ಬಂತು, ಎತ್ತಿದೆ. ಮೂರನೆಯ ಸಲ, ನಾಲ್ಕನೆಯ ಸಲ. ಒಂಬತ್ತನೆಯ ದಿನದವರೆಗೆ ಸುಮ್ಮನಿದ್ದು, ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೆ ಎತ್ತುತ್ತಿದ್ದೆ. ಹಟಕ್ಕೆ ಮಾಡಿದೆ ಎಂದುಕೊಳ್ಳಿ, ನನಗೇನೂ ಬೇಜಾರಿಲ್ಲ.

ಆಮೇಲೆ ಡಿಪೊದಲ್ಲಿ ವೇಳಾಪಟ್ಟಿ ಬದಲಾಗುವ ಸಮಯ ಬಂತು. ಇನ್ನೂರ ಹತ್ತು ಬಸ್ಸು, ನಾನೂರು ಡ್ರೈವರು, ಎಲ್ಲರಿಗೂ ಭಾನುವಾರವೇ ರಜೆ ಬೇಕು. ಎರಡು ವಾರ ನಾನು ಹರಟೆಕಟ್ಟೆಯ ಕಡೆ ತಲೆ ಹಾಕಲಿಲ್ಲ. ತಲೆ ಹಾಕಿದಾಗ ಹೊಸ ನಿಯಮವೊಂದು ಪಾಸಾಗಿ ಕೂತಿತ್ತು: ಆಕ್ಷೇಪಕ್ಕೆ ಇನ್ನು ಮುಂದೆ ಜೊತೆಗೊಬ್ಬರು ಬೇಕು, ಒಂಟಿ ಆಕ್ಷೇಪ ನಡೆಯುವುದಿಲ್ಲ. ಹತ್ತು ದಿನ ಯಾರೂ ತುಟಿ ಪಿಟಕ್ಕೆನ್ನದ್ದರಿಂದ ಅದು ಸರ್ವಾನುಮತ.

ಜೊತೆಗೊಬ್ಬರನ್ನು ಹುಡುಕಿದೆ. ಗೂಬೆಯ ಪಾಠ ಓದಿಯೇ ಮೇಲೆ ಬಂದವರು ಆ ಸಮಿತಿಯಲ್ಲೇ ಒಂಬತ್ತು ಜನ. ಒಬ್ಬನಿಗೆ ಪರೀಕ್ಷೆ, ಒಬ್ಬಳಿಗೆ ಮನೆ ಬದಲಾಯಿಸುವುದಿತ್ತು, ಒಬ್ಬ ತಾನು ತತ್ವತಃ ಯಾವುದಕ್ಕೂ ಸೇರುವುದಿಲ್ಲ ಎಂದ. ಮೇಷ್ಟ್ರು ಮಾತ್ರ ಕನ್ನಡಕ ಒರೆಸುತ್ತ, “ಬೆಕ್ಕಿಗೆ ಗಂಟೆ ಕಟ್ಟೋ ವಯಸ್ಸಲ್ಲ ನಂದು,” ಎಂದರು. ಕೊನೆಯ ಪಕ್ಷ ಅದು ನಿಜವಾದ ಮಾತು.

ನೂರ ಹನ್ನೆರಡು ಪುಟದ ವರದಿ ಬಂತು. ಜೊತೆಗೆ ಏಳೂ ತಾಣಗಳ ಹೊಸ ರೂಪವನ್ನು ಪರೀಕ್ಷೆಗೆಂದು ಬೇರೆ ವಿಳಾಸದಲ್ಲಿ ಇಟ್ಟರು. ಹತ್ತು ದಿನದ ಮೌನ ಶುರುವಾಯಿತು. ಕೆಲಸದ ಪಟ್ಟಿಯಲ್ಲಿ ‘ಪಾಠಗಳ ತಾಣ: ವ್ಯಕ್ತಿಯ ಹೆಸರು ತೆಗೆಯುವುದು’ ಎಂಬುದರ ಮುಂದೆ ಸಂಚಾಲಕರು ಸರಿ ಗುರುತು ಹಾಕಿದ್ದರು. ನಾನು ಹೊಸ ಪಾಠಗಳ ತಾಣ ತೆರೆದು ಕೆಳಗೆ ನೋಡಿದೆ. ಹಾಲುಬಿಳಿ. ಖಾಲಿ. ಸುಳ್ಳು ಹೇಳುವುದಿಲ್ಲ. ಮೂರು ವರ್ಷದ ಹಿಂದೆ ಅತ್ತಿರಲಿಲ್ಲ, ಅವತ್ತು ಡಿಪೊದ ಕಡತದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ.

ಇಷ್ಟು ದಿನ ಅಮ್ಮನಿಗೆ ಒಂದು ಮಾತೂ ಹೇಳಿರಲಿಲ್ಲ. ಎಂಟನೆಯ ದಿನ, ಇನ್ನು ತಡಮಾಡಿದರೆ ಅವಳೇ ಒಂದು ಬೆಳಿಗ್ಗೆ ತೆರೆದು ನೋಡಿ ಗಾಬರಿಯಾಗುತ್ತಾಳೆ ಎಂದು, ಮೆಷಿನ್ನಿನ ಪಕ್ಕದಲ್ಲಿ ಕೂತೆ.

“ಅಮ್ಮಾ, ಪಾಠದ ಪುಟ ಬದ್ಲಾಗುತ್ತೆ. ಹೊಸದಾಗಿ ಮಾಡಿದಾರೆ.”

“ಮಾಡ್ಲಿ ಬಿಡು. ತೋರ್ಸು.”

ಟ್ಯಾಬ್ಲೆಟ್ ಕೊಟ್ಟೆ. ಬೆರಳಿನಿಂದ ತಳ್ಳುತ್ತ ಕೆಳಗೆ ಹೋದಳು. ನಾನು ಕಣ್ಣು ಬೇರೆ ಕಡೆ ಮಾಡಿ, ಕಲಿತುಕೊಂಡು ಬಂದಿದ್ದ ಸಮಾಧಾನದ ಮಾತು ಶುರುಮಾಡಿದೆ. “ಅವ್ನ ಸಾಲು ತೆಗ್ದಿದಾರಮ್ಮ. ನಾನು ಎಷ್ಟೋ ಹೇಳ್ದೆ…”

“ಏನು ತೆಗ್ದಿದಾರೆ? ಇಲ್ಲೇ ಇದೆಯಲ್ಲೇ.”

ವಯಸ್ಸಾಯಿತು, ನೆನಪಿನಿಂದ ಓದುತ್ತಿದ್ದಾಳೆ ಎಂದುಕೊಂಡೆ. “ಇಲ್ಲಮ್ಮ, ಅಲ್ಲೇನಿಲ್ಲ. ಬರೀ ಬಿಳಿ.”

“ಬಿಳಿ ಮೇಲೆ ಬಿಳಿ ಬರ್ದಿದಾರೆ. ಕಣ್ಣಿದ್ಯೋ ಇಲ್ವೋ ನಿಂಗೆ?” ಎಂದು ಅಮ್ಮ ಟ್ಯಾಬ್ಲೆಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. “ಬರೆದವನು ಗೂಬೆ. ಅರ್ಥವಾಗದಿದ್ದರೆ… ನೋಡು, ಇಲ್ಲಿಂದ ಇಲ್ಲಿವರ್ಗೆ. ನಲವತ್ತು ವರ್ಷ ಬಿಳಿ ಬಟ್ಟೆಗೆ ಬಿಳಿ ದಾರ ಹಾಕಿದೀನಿ ಕಣೇ. ಒಂದು ಹೊಲಿಗೆ ತಪ್ಪಿದ್ರೂ ಆ ಹೆಡ್ ನರ್ಸಮ್ಮ ಬಿಚ್ಚಿಸ್ತಿದ್ಳು.”

ಓಡಿಹೋಗಿ ನನ್ನ ಕಂಪ್ಯೂಟರಿನಲ್ಲಿ ಆ ಪುಟ ತೆರೆದು, ಖಾಲಿ ಜಾಗದ ಮೇಲೆ ಮೌಸ್ ಎಳೆದೆ. ನೀಲಿ ಪಟ್ಟಿಯೊಳಗೆ ಒಂದೊಂದೇ ಅಕ್ಷರ ಎದ್ದು ನಿಂತಿತು. ಮುಖ್ಯ ತಾಣ ತೆರೆದೆ, ಎಳೆದೆ. ಅಲ್ಲೂ ಗೂಬೆ. ಕೈಪಿಡಿ, ಗೂಬೆ. ಹರಟೆಕಟ್ಟೆ, ಗೂಬೆ. ನಿಯಮಗಳ ತಾಣದಲ್ಲಿ, ‘ವ್ಯಕ್ತಿಯ ಹೆಸರು ಇರತಕ್ಕದ್ದಲ್ಲ’ ಎಂಬ ಅಂಶ ನಲವತ್ತೇಳರ ಕೆಳಗೇ ಸರಿಯಾಗಿ, ಗೂಬೆ.

ಹೇಗಾಯಿತು ಎಂದು ತಿಳಿಯಲು ನನಗೆ ಎರಡು ನಿಮಿಷ ಸಾಕಾಯಿತು. ನಮ್ಮ ಜನ ಯಾರೂ ಖಾಲಿ ಹಾಳೆಯಿಂದ ಏನನ್ನೂ ಶುರುಮಾಡುವುದಿಲ್ಲ. ಇರುವುದನ್ನು ನಕಲು ಮಾಡಿ ತಿದ್ದುತ್ತಾರೆ. ಪ್ರೋಗ್ರಾಮ್ ಬರೆಯುವವರ ಹುಟ್ಟುಗುಣ ಅದು. ಏಳು ತಾಣಗಳಲ್ಲಿ ಅಚ್ಚುಕಟ್ಟಾಗಿ ಬರೆದದ್ದು ನನ್ನ ತಮ್ಮನದೊಂದೇ. ಹದಿನಾಲ್ಕು ತಿಂಗಳು ಏಕರೂಪದ ಬಗ್ಗೆ ಉಪನ್ಯಾಸ ಕೊಟ್ಟ ಸಂಚಾಲಕರು, ಕೆಲಸ ಮಾಡುವ ದಿನ ಬಂದಾಗ ತಮ್ಮನ ಪುಟವನ್ನೇ ನಕಲು ಹೊಡೆದು, ಅದಕ್ಕೇ ಬಣ್ಣ ಬಳಿದು, ಏಳೂ ಕಡೆ ಹಾಕಿದ್ದರು. ಕೆಳತುದಿಗೆ ಹೊಗೆಬಿಳಿ ಬಳಿದರು. ಹೆಸರು ಕಾಣಲಿಲ್ಲ. ಕಾಣದ್ದನ್ನು ತೆಗೆದಾಗಿದೆ ಎಂದುಕೊಂಡು ಸರಿ ಗುರುತು ಹಾಕಿದರು. ಬಡ್ಡಿಮಗಂದು ಬುದ್ಧಿವಂತಿಕೆ ಅಂದ್ರೆ ಇದು.

ಇನ್ನು ಎರಡು ದಿನ ನಾನು ಸುಮ್ಮನಿರಬೇಕಿತ್ತು. ಹೇಳಿದಷ್ಟು ಸುಲಭವಲ್ಲ. ಹುಟ್ಟಿದಾಗಿನಿಂದ ನಾನು ಎರಡು ದಿನ ಸುಮ್ಮನಿದ್ದ ಉದಾಹರಣೆ ಇಲ್ಲ. ಒಂಬತ್ತನೆಯ ದಿನ ಸಂಚಾಲಕರ ಫೋನು ಬಂತು.

“ನಿಮ್ ಕಡೆಯಿಂದ ಏನೂ ಬರ್ಲಿಲ್ಲ?”

“ಇಲ್ಲ ಸಾರ್.”

“ಪುಟ ನೋಡಿದ್ರಾ?”

“ನೋಡ್ದೆ ಸಾರ್. ಚೆನ್ನಾಗಿದೆ.”

“ಹುಷಾರಾಗಿದೀರಾ ತಾನೆ?” ಎಂದು ಕೇಳಿ ಇಟ್ಟುಬಿಟ್ಟರು.

ಹತ್ತನೆಯ ದಿನ ಸಂಜೆ ಮಹಡಿಯ ಕೋಣೆಯಲ್ಲಿ ಸಭೆ. ಪ್ರೊಜೆಕ್ಟರಿನಲ್ಲಿ ಹೊಸ ಪುಟಗಳನ್ನು ಗೋಡೆಯ ಮೇಲೆ ಹಾಕಿದರು. ನಾನು ಕೊನೆಯ ಸಾಲಿನಲ್ಲಿ ಕೂತು, ಯಾರೂ ದೀಪ ಆರಿಸದಿರಲಿ ಎಂದುಕೊಳ್ಳುತ್ತಿದ್ದೆ. ಕಲಾವಿದ ಎದ್ದವನೇ, “ಲೈಟ್ ಆಫ್ ಮಾಡಿ, ಸೂಕ್ಷ್ಮ ಎಲ್ಲ ಗೊತ್ತಾಗ್ಲಿ,” ಎಂದ. ಆರಿಸಿದರು. ಪುಟ ಮೇಲಿನಿಂದ ನಿಧಾನಕ್ಕೆ ಇಳಿಯುತ್ತ ಬಂತು. ಕೆಳತುದಿಗೆ ಬಂದು ನಿಂತಿತು.

ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಇಳಿಸಿ, ಮುಂದೆ ಬಾಗಿದರು. “ಕೆಳಗಡೆ ಏನೋ ಕೊಳೆ ಇದ್ದಂಗಿದೆಯಲ್ರೀ?”

ಸಂಚಾಲಕರು ಗೋಡೆಯ ಹತ್ತಿರ ಹೋಗಿ ಕರ್ಚೀಫಿನಿಂದ ಒರೆಸಲು ಶುರುಮಾಡಿದರು. ಒರೆಸಿದರೆ ಹೋಗುತ್ತದೆಯೆ? ಅವರ ಕೈಯ ಮೇಲೂ ಬಿತ್ತು. ಇನ್ನೊಂದು ಗಳಿಗೆ ಹಾಗೇ ನಿಂತಿದ್ದರೆ ಅಂಗೈ ಮೇಲಿನ ಅಕ್ಷರ ಓದಿಬಿಡುತ್ತಿದ್ದರೋ ಏನೋ. ಅಷ್ಟರಲ್ಲಿ ಕಲಾವಿದ ಗಂಟಲು ಸರಿಮಾಡಿಕೊಂಡ.

“ಕೊಳೆ ಅಲ್ಲ ಮೇಷ್ಟ್ರೇ. ಅದು ನೆರಳು. ಬೇಕಂತಲೇ ಬಿಟ್ಟಿರೋದು.”

“ನೆರಳಾ?”

“ಪುಟ ಒಂದ್ಸಲಕ್ಕೆ ಮುಗ್ದೋದ್ರೆ ಕಣ್ಣಿಗೆ ಧಕ್ಕೆ ಆಗುತ್ತೆ. ಹಾಗೇ ಕರಗ್ತಾ ಹೋಗ್ಬೇಕು. ಎಲ್ರಿಗೂ ಗೊತ್ತಾಗಲ್ಲ ಅದು.”

ಎಲ್ಲರಿಗೂ ಗೊತ್ತಾಗಲ್ಲ ಎಂದಮೇಲೆ ಗೊತ್ತಾಗಲಿಲ್ಲ ಎನ್ನುವ ಗಂಡೆದೆ ಆ ಕೋಣೆಯಲ್ಲಿ ಯಾರಿಗಿತ್ತು? ಹದಿನಾಲ್ಕು ತಲೆ ಕತ್ತಲಲ್ಲೇ ಅಲ್ಲಾಡಿದವು. “ಅದ್ಭುತ,” ಎಂದಿತು ಒಂದು ದನಿ. ಸಂಚಾಲಕರು ಕರ್ಚೀಫು ಮಡಚಿ ಜೇಬಿಗಿಟ್ಟುಕೊಂಡು, ‘ಕೆಳಗಿನ ನೆರಳು ಕಲಾವಿದರ ಉದ್ದೇಶಪೂರ್ವಕ ವಿನ್ಯಾಸ’ ಎಂದು ನಡಾವಳಿಯಲ್ಲಿ ತಾವೇ ಬರೆದುಕೊಂಡರು. ನಾನು ಕೆನ್ನೆಯ ಒಳಭಾಗ ಕಚ್ಚಿಕೊಂಡು ಕೂತಿದ್ದೆ. ಆರು ಗಂಟೆಗೆ ಹತ್ತು ದಿನ ತುಂಬಿತು. ಪಾಸಾಯಿತು.

ಮೂರು ವಾರ ನೆಮ್ಮದಿ. ಆಮೇಲೆ ವಿದ್ಯಾರ್ಥಿನಿಯೊಬ್ಬಳು ಯಾವುದೋ ಪುಟವನ್ನು ಪೂರ್ತಿ ನಕಲು ಮಾಡಿ ತನ್ನ ಟಿಪ್ಪಣಿಗೆ ಅಂಟಿಸಿಕೊಂಡಳಂತೆ. ಅಲ್ಲಿ ಕಪ್ಪಕ್ಷರದಲ್ಲಿ ಕೊನೆಯ ಸಾಲು ಎದ್ದು ಕೂತಿತು. ‘ಎಲ್ಲ ತಾಣದ ಕೆಳಗೂ ಗೂಬೆ ಅಂತ ಇದೆ. ಯಾರಿವರು? ತುಂಬ ಇಷ್ಟ ಆಯ್ತು,’ ಎಂದು ಹರಟೆಕಟ್ಟೆಯಲ್ಲಿ ಬರೆದಳು. ಅರ್ಧ ಗಂಟೆಯೊಳಗೆ ಸಂಚಾಲಕರ ಫೋನು.

“ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾಕ್ರೀ ಹೇಳ್ಲಿಲ್ಲ?”

“ಗೋಡೆ ಮೇಲೆ ನೀವೇ ಅಂಟಿಸಿದೀರಲ್ಲ ಸಾರ್, ಏನೋ ಲಕ್ಷಣಂ ಅಂತ.”

ಅವರಿಗೆ ಸಿಟ್ಟು ನೆತ್ತಿಗೇರಿತು. ಮಾರನೆಯ ದಿನವೇ ಪ್ರಸ್ತಾವ: ‘ಏಳೂ ತಾಣಗಳ ಕೆಳಗಿನ ಸಾಲನ್ನು ಅಳಿಸತಕ್ಕದ್ದು.’ ಹತ್ತು ದಿನ. ನಾನು ಕೂಡಲೇ ಆಕ್ಷೇಪ ಬರೆದೆ: ‘ಕಲಾವಿದರು ಬೇಕೆಂದೇ ಬಿಟ್ಟ ನೆರಳನ್ನು ಅಳಿಸುವುದಕ್ಕೆ ನನ್ನ ವಿರೋಧವಿದೆ. ಜೊತೆಗೊಬ್ಬರು ಬೇಕು.’ ಕೆಳಗೆ ಆ ದಿನದ ನಡಾವಳಿಯನ್ನು, ಸಂಚಾಲಕರ ಸಹಿಯ ಸಮೇತ, ಅಂಟಿಸಿದೆ. ಬೇರೆ ಯಾರನ್ನೂ ಈ ಸಲ ಬೇಡಲಿಲ್ಲ.

ಕಲಾವಿದನ ಬಾಯಲ್ಲಿ ಬಿಸಿ ತುಪ್ಪ. ಅದು ತನ್ನ ನೆರಳಲ್ಲ ಎಂದರೆ, ತಾನು ಆರಿಸಿದ ಬಣ್ಣದಲ್ಲಿ ಬರೆದದ್ದು ತನಗೇ ಕಾಣಲಿಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ. ತನ್ನದು ಎಂದರೆ, ನನ್ನ ಪಕ್ಕದಲ್ಲಿ ಬಂದು ನಿಲ್ಲಬೇಕು. ಮೂರು ದಿನ ಸದ್ದಿಲ್ಲ, ಆರು ದಿನ ಸದ್ದಿಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಡಿಪೊದಲ್ಲಿ ಒಂದೇ ಬಸ್ಸಿಗೆ ಇಬ್ಬರು ಡ್ರೈವರನ್ನು ಹಾಕಿ ಬೈಸಿಕೊಂಡೆ. ಎಂಟನೆಯ ದಿನ, ನಾನು ಸೋತೆ ಎಂದುಕೊಂಡೆ. ಅಮ್ಮ ಮಾತ್ರ ಏನೂ ಗೊತ್ತಿಲ್ಲದೆ ಬೆಳಿಗ್ಗೆ ಬೆಳಿಗ್ಗೆ ಟ್ಯಾಬ್ಲೆಟ್ಟನ್ನು ಕಿಟಕಿಗೆ ಓರೆ ಹಿಡಿದು, “ಎದ್ಯೇನೋ ಗೂಬೆ?” ಎನ್ನುತ್ತಲೇ ಇದ್ದಳು.

ಒಂಬತ್ತನೆಯ ದಿನ ಮಧ್ಯಾಹ್ನ ಬಂತು: ‘ಕೆಳಗಿನ ನೆರಳು ಒಟ್ಟು ವಿನ್ಯಾಸದ ಅವಿಭಾಜ್ಯ ಅಂಗ. ಅದನ್ನು ಅಳಿಸಿದರೆ ಪುಟ ಸತ್ತುಹೋಗುತ್ತದೆ. ಆಕ್ಷೇಪಕ್ಕೆ ನನ್ನ ಬೆಂಬಲವಿದೆ. ಇತಿ, ಕಲಾವಿದ.’ ಓದಿ ನಕ್ಕೆ, ನಗುತ್ತ ನಗುತ್ತ ಕಣ್ಣು ಒದ್ದೆಯಾಯಿತು. ಅವನ ಬಗ್ಗೆ ಮೊದಲ ಬಾರಿಗೆ ಸ್ವಲ್ಪ ಪ್ರೀತಿಯೂ ಬಂತು, ಒಂದು ಐದು ನಿಮಿಷ.

ಆಕ್ಷೇಪ ಎರಡಾಯಿತು, ಪ್ರಸ್ತಾವ ಸಮಿತಿಗೆ ವಾಪಸು. ಸಮಿತಿಗೆ ಎಂದರೆ ಮತ್ತೆ ಮಹಡಿ, ಮತ್ತೆ ಮೊಟ್ಟೆಬಿಳಿ, ಶಂಖಬಿಳಿ, ಮತ್ತೆ ಮೂಲೆ ದುಂಡೋ ಚೂಪೋ. ಸಂಚಾಲಕರು ಸಭೆ ಕರೆದರು, ಬಂದವರು ಮೇಷ್ಟ್ರೊಬ್ಬರೇ. ಅಲ್ಲಿಗೆ ಆ ಕಡತ ಮುಚ್ಚಿತು. ಏಳೂ ತಾಣಗಳಲ್ಲಿ ಗೂಬೆ ಹಾಗೇ ಕೂತಿದ್ದಾನೆ.

ಆ ಸಂಜೆ ಅಮ್ಮನಿಗೆ ಎಲ್ಲವನ್ನೂ ಮೊದಲಿಂದ ಹೇಳಿದೆ. ಏಳು ಪುಟಗಳನ್ನೂ ಒಂದಾದ ಮೇಲೊಂದು ತೆರೆದು ತೋರಿಸಿದೆ. ಕೊನೆಗೆ ಸಮಿತಿಯ ನೂರ ಹನ್ನೆರಡು ಪುಟದ ವರದಿ ಇರುವ ನಿಯಮಗಳ ತಾಣ. ಅಮ್ಮ ಅದರಲ್ಲಿ ಒಂದು ಪ್ಯಾರಾ ಜೋರಾಗಿ ಓದಲು ನೋಡಿದಳು. ಎರಡು ಸಲ ತಡವರಿಸಿ, ಮೂರನೆಯ ಸಲ ಬಿಟ್ಟಳು.

“ಏನೇ ಇದು, ತಲೆನೂ ಇಲ್ಲ ಬುಡಾನೂ ಇಲ್ಲ. ಯಾರು ಬರ್ದಿದ್ದು?”

“ದೊಡ್ಡ ದೊಡ್ಡೋರು ಸೇರ್ಕೊಂಡು ಬರ್ದಿದಾರಮ್ಮ.”

ಅಮ್ಮ ತಳ್ಳುತ್ತ ತಳ್ಳುತ್ತ ತುಂಬ ಹೊತ್ತು ಕೆಳಗೆ ಹೋದಳು. ತುದಿ ಮುಟ್ಟಿದ ಮೇಲೆ ಟ್ಯಾಬ್ಲೆಟ್ಟನ್ನು ಬೆಳಕಿಗೆ ಓರೆ ಮಾಡಿ, ಆ ಸಾಲನ್ನು ತುಟಿಯೊಳಗೇ ಓದಿಕೊಂಡಳು. ಅರ್ಥವಾಗದಿದ್ದರೆ ತಪ್ಪು ನನ್ನದು, ನಿಮ್ಮದಲ್ಲ. ಆಮೇಲೆ ಸೆರಗಿನಿಂದ ಗಾಜು ಒರೆಸಿದಳು.

“ಎಲ್ಲಾರ್ ತಪ್ಪೂ ತಾನೇ ಹೊತ್ಕೊಂಡ್ ಕೂತಿದಾನೆ ನೋಡು,” ಎಂದಳು. “ಗೂಬೆ.”